ಕೂಲಂಕಷನಿಗೆ ಓದಲು ಬರುವುದಿಲ್ಲ

ನಮ್ಮ ಊರಿನ ಹಾಲಿನ ವ್ಯಾನು ಓಡಿಸುವವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇದೆ. ಅದನ್ನು ಹಿಡಿದು ಕೂಗಿದರೆ ಅವನೇ ತಿರುಗಿ ನೋಡುವುದಿಲ್ಲ. ಊರಿಗೆಲ್ಲ ಅವನು ಕೂಲಂಕಷ. ಕಿರಿಯರಿಗೆ ಕೂಲಂಕಷ ಮಾವ. ಅವನ ಹೆಂಡತಿ ಯಾವುದಾದರೂ ಸಮಾರಂಭಕ್ಕೆ ಕಾಲಿಟ್ಟರೆ, “ಕೂಲಂಕಷದೋರು ಬಂದ್ರು, ಮುಂದೊಂದು ಕುರ್ಚಿ ಹಾಕ್ರೋ” ಎಂದು ಯಾರಾದರೂ ಕೂಗುತ್ತಾರೆ.

ಈ ಹೆಸರು ಬಂದದ್ದು ಒಂದು ಸಭೆಯಲ್ಲಿ. ಹಾಲಿನ ಸಂಘಕ್ಕೆ ಪಶು ಆಹಾರ ಮಾರುವ ಕಂಪನಿಯವನೊಬ್ಬ ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದ. ಅವನು ತಂದ ಒಪ್ಪಂದದ ಕಾಗದ ಕೈಯಿಂದ ಕೈಗೆ ದಾಟಿ, ಎಲ್ಲರ ರುಜು ಹೊತ್ತುಕೊಂಡು, ಕೊನೆಗೆ ಬಾಗಿಲಿಗೆ ಒರಗಿ ನಿಂತಿದ್ದ ನಮ್ಮ ಡ್ರೈವರನ ಕೈಗೆ ಬಂತು. ಸಾಕ್ಷಿಯಾಗಿ ಅವನದೂ ಒಂದು ರುಜು ಇರಲಿ ಎಂದು ಯಾರೋ ಅಂದಿದ್ದರು. ಅವನು ಕಾಗದ ನೋಡಿದ. ನೋಡುತ್ತಲೇ ನಿಂತ. ಅವನು ಹುಡುಕುತ್ತಿದ್ದದ್ದು ರುಜು ಹಾಕುವ ಜಾಗವನ್ನು. ಆದರೆ ಅಕ್ಷರಗಳು ಅವನ ಕಣ್ಣಿಗೆ ಯಾವಾಗಲೂ ಕೊಟ್ಟಿಗೆಯ ಬಾಗಿಲು ತೆಗೆದೊಡನೆ ಒಟ್ಟಿಗೇ ನುಗ್ಗುವ ದನಗಳ ಹಾಗೆ ಬರುತ್ತಿದ್ದವು. ಒಂದರ ಕೊರಳು ಹಿಡಿದರೆ ಇನ್ನೊಂದು ಪಕ್ಕದಿಂದ ತಪ್ಪಿಸಿಕೊಳ್ಳುತ್ತಿತ್ತು. ಒತ್ತಕ್ಷರ ಬಂತೆಂದರೆ ಮುಗಿಯಿತು, ಇಡೀ ಮಂದೆಯೇ ಅಡ್ಡ ಮಲಗಿಬಿಡುತ್ತಿತ್ತು.

ಸಭೆ ಕಾಯಿತು. ಇಸ್ತ್ರಿ ಅಂಗಿಯವನೂ ಕಾದ. ಕಾಯುತ್ತಾ ಅವನ ಹಣೆಯ ಮೇಲೆ ಬೆವರು ಕಾಣಿಸಿಕೊಂಡಿತು.

“ಏನಾದ್ರೂ ತೊಂದ್ರೆ ಇದೆಯಾ ಸಾರ್?” ಎಂದ.

“ನೀವೇ ತೋರ್ಸಿ” ಎಂದ ಡ್ರೈವರ್, ತಲೆ ಎತ್ತದೆ. ರುಜು ಹಾಕುವ ಜಾಗ ತೋರಿಸಲಿ ಎಂಬುದಷ್ಟೇ ಅವನ ಆಸೆ.

ಇಸ್ತ್ರಿ ಅಂಗಿಯವನು ಕಾಗದ ಕಿತ್ತುಕೊಂಡು, ಸ್ವಲ್ಪ ತಿದ್ದಿಸಿಕೊಂಡು ತರುತ್ತೇನೆಂದು ಹೇಳಿ, ಬೈಕು ಹತ್ತಿ ಹೋದವನು ಈವರೆಗೂ ತಿದ್ದಿಸುತ್ತಲೇ ಇದ್ದಾನೆ. ಪಕ್ಕದ ಊರಿನವರು ಅದೇ ಒಪ್ಪಂದಕ್ಕೆ ರುಜು ಹಾಕಿ, ಮೂಟೆ ಮೂಟೆ ಮರದ ಹೊಟ್ಟು ತರಿಸಿಕೊಂಡು ಹಸುಗಳ ಮುಂದೆ ಸುರಿದರೆಂದು ಆಮೇಲೆ ತಿಳಿಯಿತು.

‘ಕೂಲಂಕಷವಾಗಿ ಓದಿ ನಮ್ಮನ್ನು ಉಳಿಸಿದ’ ಎಂದು ಊರೇ ಅವನಿಗೆ ಕೂಲಂಕಷನೆಂದು ಹೆಸರಿಟ್ಟಿತು. ಅಂದಿನಿಂದ ನಮ್ಮಲ್ಲಿ ಒಂದು ಪದ್ಧತಿಯೂ ಬಿತ್ತು. ಯಾವುದೇ ಕಾಗದಕ್ಕೆ ರುಜು ಹಾಕುವ ಮೊದಲು ಅದಕ್ಕೆ ‘ಕೂಲಂಕಷ ಹಾಕಿಸಬೇಕು’. ಸಂಜೆ ಹಾಲಿನ ಕ್ಯಾನುಗಳನ್ನು ಇಳಿಸಿ ಅವನು ವ್ಯಾನಿನ ಹಿಂದೆ ಕೂತಿರುವಾಗ ಜನ ಕಾಗದ ತರುತ್ತಿದ್ದರು. ಅವನು ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿ, “ನೀವೇನಂತೀರಿ ಇದಕ್ಕೆ?” ಎಂದು ಕೇಳುತ್ತಿದ್ದ. ತಂದವನು ವಿವರಿಸಲು ಹೊರಟು, ನಡುವೆ ತಡವರಿಸಿ, ತನಗೇ ಅನುಮಾನ ಬಂದು, “ಹಂಗಾದ್ರೆ ಬೇಡ ಅಂತೀಯಾ?” ಎನ್ನುತ್ತಿದ್ದ. ಕೂಲಂಕಷ ನಿಟ್ಟುಸಿರು ಬಿಡುತ್ತಿದ್ದ. ಈ ರೀತಿಯಲ್ಲಿ ನಮ್ಮ ಊರು ಅನೇಕ ಅನಾಹುತಗಳಿಂದಲೂ ಕೆಲವು ಒಳ್ಳೆಯ ಸಂಬಂಧಗಳಿಂದಲೂ ಪಾರಾಯಿತು.

ಸತ್ಯ ತಿಳಿದಿದ್ದವಳು ಅವನ ಹೆಂಡತಿ ಒಬ್ಬಳೇ. ಮನೆಗೆ ಬಂದ ಕಾಗದಗಳನ್ನು ಅವಳು ಒಲೆಯ ಮುಂದೆ ನಿಂತು ಒಂದು ಸಲ ಕಣ್ಣಾಡಿಸಿ, “ಕರೆಂಟ್ ಬಿಲ್ಲು”, “ಏನೋ ಪ್ರಚಾರ” ಎಂದು ಸಾರಾಂಶ ಹೇಳಿ ಡಬ್ಬದ ಕೆಳಗೆ ಇಡುತ್ತಿದ್ದಳು. ಅವನಿಗೆ ಅಷ್ಟೇ ಸಾಕಾಗಿತ್ತು.

ಹೀಗಿರುವಾಗ ಸರ್ಕಾರದಿಂದ ಹೊಸ ಆದೇಶ ಬಂತು. ಸರಕು ವಾಹನ ಓಡಿಸುವವರೆಲ್ಲ, ಎಷ್ಟೇ ಹಳಬರಾಗಿರಲಿ, ಮತ್ತೊಮ್ಮೆ ಪರೀಕ್ಷೆ ಬರೆದು ಲೈಸೆನ್ಸು ನವೀಕರಿಸಿಕೊಳ್ಳಬೇಕು. ಪರೀಕ್ಷೆ ಕಂಪ್ಯೂಟರಿನಲ್ಲಿ. ಪರದೆಯ ಮೇಲೆ ಬಂದ ಪ್ರಶ್ನೆ ಓದಿ, ಸರಿಯಾದ ಉತ್ತರದ ಮೇಲೆ ಬೆರಳಿಡಬೇಕು. ತಡ ಮಾಡಿದರೆ ಪ್ರಶ್ನೆ ತಾನೇ ಹೊರಟುಹೋಗುತ್ತದೆ.

ಇದನ್ನು ಓದಿ ಹೇಳಿದವನು ಸಂಘದ ಕಾರ್ಯದರ್ಶಿ. “ನಿನಗೇನಪ್ಪ, ನೀರು ಕುಡಿದ ಹಂಗೆ” ಎಂದು ಬೆನ್ನು ತಟ್ಟಿದ.

ಕೂಲಂಕಷನಿಗೆ ನಿಜವಾಗಿಯೂ ನೀರು ಬೇಕೆನ್ನಿಸಿತು. ಲೈಸೆನ್ಸು ಹೋದರೆ ವ್ಯಾನು ಹೋಗುತ್ತದೆ. ವ್ಯಾನು ಹೋದರೆ ಅದು ಅವನ ಹೆಂಡತಿಯ ತಮ್ಮನ ಕೈಗೆ ಹೋಗುತ್ತದೆ. ಬಾಮೈದ ಆಗಲೇ ಸೀಟಿನ ಹೊಸ ಹೊದಿಕೆಗೆ ಅಳತೆ ತೆಗೆದುಕೊಂಡು ಹೋಗಿದ್ದ. ಅವನು ಓಡಿಸಿದ ದಿನ ಹಾಲಾಗಿ ಹೊರಟದ್ದು ಡೈರಿ ತಲುಪುವಾಗ ಬೆಣ್ಣೆಯಾಗಿರುತ್ತಿತ್ತು. ಕೂಲಂಕಷನಿಗಾದರೋ ಆ ದಾರಿಯ ಯಾವ ತಿರುವಿನಲ್ಲಿ ಯಾರ ನಾಯಿ ಮಲಗಿರುತ್ತದೆ ಎಂಬುದು ಗೊತ್ತು. ಬೇರೆ ಕೆಲಸ ಅವನು ಮಾಡಿಲ್ಲ, ಮಾಡಲು ಬರುವುದೂ ಇಲ್ಲ.

ಆ ವಾರ ವ್ಯಾನಿನ ರೇಡಿಯೋದಲ್ಲಿ ಒಂದು ಹೆಂಗಸಿನ ದನಿ ಮಾತಾಡಿತು. ದೊಡ್ಡವರಾದ ಮೇಲೂ ಓದಲು ಕಷ್ಟಪಡುವವರಿಗೆ ಸರ್ಕಾರ ‘ಓದಿನ ನೆರವು’ ಎಂಬ ಯೋಜನೆ ತಂದಿದೆಯಂತೆ. ಸಂಜೆ ತರಗತಿ ಉಂಟು. ಪರೀಕ್ಷೆಗಳಲ್ಲಿ ಪ್ರಶ್ನೆಗಳನ್ನು ಕಿವಿಗೆ ಓದಿ ಹೇಳುವ ವ್ಯವಸ್ಥೆ ಉಂಟು. “ಕೆಲವರಿಗೆ ಅಕ್ಷರಗಳು ಒಂದರ ಮೇಲೊಂದು ಬಿದ್ದ ಹಾಗೆ ಕಾಣುತ್ತವೆ. ಇದಕ್ಕೆ ಡಿಸ್ಲೆಕ್ಸಿಯಾ ಅನ್ನುತ್ತಾರೆ. ಇದು ದಡ್ಡತನ ಅಲ್ಲ, ಸೋಮಾರಿತನವೂ ಅಲ್ಲ” ಎಂದಿತು ದನಿ.

ಕೂಲಂಕಷ ವ್ಯಾನನ್ನು ರಸ್ತೆಯ ಮಧ್ಯದಲ್ಲೇ ನಿಲ್ಲಿಸಿದ. ಹಿಂದಿನ ಟ್ರ್ಯಾಕ್ಟರಿನವನು ಇಳಿದು ಬಂದು ಬೈಯುತ್ತಿದ್ದರೂ ಅವನು ರೇಡಿಯೋವನ್ನೇ ನೋಡುತ್ತಾ ಕೂತಿದ್ದ.

ನೆರವು ಪಡೆಯಲು ಎರಡೇ ಷರತ್ತು: ಓದಲು ಬರುವುದಿಲ್ಲವೆಂದು ಊರಿನ ಇಬ್ಬರು ಗಣ್ಯರು ಹೇಳಬೇಕು, ಇಲಾಖೆಯವರು ಬಂದು ಪರೀಕ್ಷಿಸಿ ಒಪ್ಪಬೇಕು. ಇದಕ್ಕಿಂತ ಸುಲಭವಾದದ್ದು ಏನಿದೆ ಎಂದುಕೊಂಡ ಅವನು. ಗೊತ್ತಿರುವುದನ್ನು ಸಾಬೀತು ಮಾಡುವುದು ಕಷ್ಟ; ಗೊತ್ತಿಲ್ಲದ್ದನ್ನು ಸಾಬೀತು ಮಾಡಲು ಸುಮ್ಮನೆ ಕೂತರೆ ಆಯಿತು. ಪಾಪ, ಸುಮ್ಮನೆ ಕೂತೇ ತಾನು ಇಷ್ಟು ದೊಡ್ಡವನಾದದ್ದು ಎಂಬುದು ಅವನಿಗೆ ಹೊಳೆಯಲಿಲ್ಲ.

ಮೊದಲು ಹೆಂಡತಿಗೆ ಹೇಳಿದ.

“ನಿಮಗೇನು ತಲೆ ಕೆಟ್ಟಿದೆಯಾ?” ಎಂದಳು ಅವಳು. “ನಾಳೆಯಿಂದ ನಾನೆಲ್ಲಿ ಕೂತ್ಕೊಳ್ಲಿ?”

“ಎಲ್ಲಿ ಅಂದ್ರೆ?”

“ಯಾರ ಮನೆ ಸಮಾರಂಭಕ್ಕೆ ಹೋದ್ರೂ ಮುಂದಿನ ಸಾಲಲ್ಲಿ ಕೂತವಳು ರೀ ನಾನು. ಹಿಂದೆ ಕೂತ್ರೆ ನನಗೆ ಏನೂ ಕೇಳ್ಸಲ್ಲ.”

“ನಾನು ಲೈಸೆನ್ಸು ವಿಷಯ ಹೇಳ್ತಿದ್ರೆ ನೀನು ಕುರ್ಚಿ ವಿಷಯ ಹೇಳ್ತೀಯಲ್ಲ. ವ್ಯಾನು ನಿನ್ನ ತಮ್ಮನ ಪಾಲಾಗುತ್ತೆ ಕಣೇ!”

ಅವಳು ಸ್ವಲ್ಪ ಯೋಚಿಸಿದಳು. “ಅವನು ಓಡ್ಸಿದ್ರೆ ಒಂದು ತಿಂಗಳಲ್ಲಿ ಕೆರೆಗೆ ಬೀಳಿಸ್ತಾನೆ. ಆಗ ನಿಮ್ಮನ್ನೇ ಕರೀತಾರೆ. ಸುಮ್ನಿರಿ.”

ಹೆಂಡತಿಯಿಂದ ಪ್ರಯೋಜನವಿಲ್ಲವೆಂದು ತಿಳಿದು ಅವನು ಕಾರ್ಯದರ್ಶಿಯ ಬಳಿ ಹೋದ. ಕಾರ್ಯದರ್ಶಿ ಹಾಲಿನ ಜಿಡ್ಡು ಅಳೆಯುವ ಯಂತ್ರವನ್ನು ಒರೆಸುತ್ತಿದ್ದ.

“ನನಗೆ ಓದೋಕೆ ಬರಲ್ಲ ಅಂತ ನೀನೊಂದು ಮಾತು ಹೇಳ್ಬೇಕು.”

ಕಾರ್ಯದರ್ಶಿ ಬಟ್ಟೆ ಕೆಳಗಿಟ್ಟ. ಬಾಗಿಲು ನೋಡಿದ. ಬಾಗಿಲು ಮುಂದೆ ಮಾಡಿ ಬಂದ. “ಯಾರ ಮೇಲೆ ಅನುಮಾನ?” ಎಂದು ಪಿಸುಗುಟ್ಟಿದ.

“ಅನುಮಾನ ಏನಿಲ್ಲ. ನಿಜವಾಗ್ಲೂ ಬರಲ್ಲ.”

“ಸರಿ, ಸರಿ. ನೀನು ಹೇಳ್ಬೇಡ, ನಾನು ಕೇಳಲ್ಲ. ಆ ಯೋಜನೇಲಿ ಏನೋ ಹುಳುಕಿದೆ, ಒಳಗೆ ಹೋಗಿ ನೋಡ್ತಿದ್ದೀಯ. ಅಲ್ವಾ?”

“ಅಯ್ಯೋ, ಹುಳುಕಿರೋದು ನನ್ನಲ್ಲಿ ಕಣಪ್ಪಾ!”

“ಆಹಾ!” ಎಂದ ಕಾರ್ಯದರ್ಶಿ. ಅವನ ಕಣ್ಣು ಒದ್ದೆಯಾಗಿತ್ತು. “ಇಷ್ಟು ದೊಡ್ಡ ಮನುಷ್ಯ, ಇಷ್ಟು ವಿನಯ.”

ಮಾರನೆಯ ದಿನದ ಹೊತ್ತಿಗೆ, ಕೂಲಂಕಷ ಸರ್ಕಾರದ ಮೇಲೆಯೇ ಕೂಲಂಕಷ ಹಾಕಲು ಹೊರಟಿದ್ದಾನೆಂದು ಊರೆಲ್ಲ ಗುಟ್ಟಾಗಿ ಮಾತಾಡಿಕೊಳ್ಳುತ್ತಿತ್ತು. ಹಿಟ್ಟಿನ ಗಿರಣಿಯವನು ದಾರಿಯಲ್ಲಿ ಸಿಕ್ಕಿ ಕಣ್ಣು ಮಿಟುಕಿಸಿ, “ಓದೋಕೆ ಬರಲ್ವಂತೆ?” ಎಂದು ಹೊಟ್ಟೆ ಹಿಡಿದು ನಕ್ಕ.

ಉಳಿದವರು ಮೇಷ್ಟ್ರು. ನಿವೃತ್ತರಾಗಿ ಬಹಳ ವರ್ಷವಾಗಿತ್ತು, ಆದರೆ ಯಾರನ್ನು ಕಂಡರೂ ಬೆನ್ನು ನೆಟ್ಟಗೆ ಮಾಡಿ ನಿಲ್ಲು ಎನ್ನುವುದನ್ನು ಬಿಟ್ಟಿರಲಿಲ್ಲ. ಅಕ್ಷರ ಕಲಿಯುವ ವಯಸ್ಸಿನಲ್ಲಿ ಕೂಲಂಕಷ ಅವರ ಕೈಯಲ್ಲೇ ಇದ್ದವನು. ಅವನಿಗೆ ಏನು ಬರುವುದಿಲ್ಲ ಎಂಬುದು ಅವರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲು ಸಾಧ್ಯವಿಲ್ಲ ಎಂದು ಅವನು ನಂಬಿದ್ದ. ಆದರೆ ಮೇಷ್ಟ್ರು, ಕೂಲಂಕಷನೆಂಬ ಹೆಸರು ಬಿದ್ದಂದಿನಿಂದ, ‘ನನ್ನ ಶಿಷ್ಯ’ ಎಂದು ಹೇಳಿ ಹೇಳಿ, ಆ ಕಾಲದ ಸಂಗತಿಗಳನ್ನೆಲ್ಲ ಹೊಸದಾಗಿ ನೆನಪಿಟ್ಟುಕೊಂಡಿದ್ದರು.

“ಮೇಷ್ಟ್ರೇ, ನನಗೆ ಓದು ಹತ್ತಲಿಲ್ಲ ಅಂತ ನೀವು ಹೇಳ್ಬೇಕು.”

“ಬೆನ್ನು ನೆಟ್ಟಗೆ ಮಾಡೋ. ಯಾಕೋ ಹತ್ತಲ್ಲ? ನನ್ನ ಕೈಲಿ ಕಲಿತೋರಿಗೆ ಹತ್ತದೆ ಇರುತ್ತಾ?”

“ನೀವೇ ಅಲ್ವಾ ನನ್ನನ್ನ ದಿನಾ ಕ್ಲಾಸಿನ ಹೊರಗೆ ನಿಲ್ಲಿಸ್ತಿದ್ದಿದ್ದು?”

“ಗಾಳಿ ಚೆನ್ನಾಗಿ ಬರ್ಲಿ ಅಂತ ನಿಲ್ಲಿಸ್ತಿದ್ದೆ.”

“ಪುಸ್ತಕ ತಗೊಂಡು ತಲೆ ಮೇಲೆ ಹೊಡೀತಿದ್ರಿ.”

“ವಿದ್ಯೆ ಒಳಗೆ ಹೋಗ್ಲಿ ಅಂತ. ಹೋಯ್ತಲ್ಲ ಮತ್ತೆ! ಊರೇ ಹೇಳುತ್ತೆ. ಈಗ ಬಂದು, ಹೋಗ್ಲಿಲ್ಲ ಅನ್ನು ಅಂದ್ರೆ, ಅಷ್ಟು ವರ್ಷ ನಾನು ಏನು ಮಾಡ್ತಿದ್ದೆ ಅಂತ ಜನ ಕೇಳಲ್ವೇನೋ?”

ಕೂಲಂಕಷನಿಗೂ ಆ ಪ್ರಶ್ನೆ ಬಹುಕಾಲದಿಂದ ಇತ್ತು. ಆದರೆ ಮೇಷ್ಟ್ರ ಎದುರು ಕೇಳುವ ಧೈರ್ಯ ಇನ್ನೂ ಬಂದಿರಲಿಲ್ಲ. ನಮಸ್ಕಾರ ಹೇಳಿ ಬೆನ್ನು ನೆಟ್ಟಗೆ ಮಾಡಿಕೊಂಡು ಮನೆಗೆ ಬಂದ.

ಗಣ್ಯರು ಕೈಕೊಟ್ಟರೂ ಇಲಾಖೆಗೆ ಸುದ್ದಿ ತಲುಪಿತ್ತು. ಅವನು ಡೈರಿಯ ಫೋನಿನಿಂದ ರೇಡಿಯೋದವರು ಹೇಳಿದ ನಂಬರಿಗೆ ಮಾತಾಡಿದ್ದ. ಒಂದು ಬೆಳಿಗ್ಗೆ ‘ಓದಿನ ನೆರವು’ ಅಧಿಕಾರಿ ಹಾಲಿನ ಸಂಘದ ಕೋಣೆಗೆ ಬಂದರು. ವಯಸ್ಸು ಚಿಕ್ಕದು, ಶ್ರದ್ಧೆ ದೊಡ್ಡದು. ತಾವು ಹೋದ ಊರಿನಲ್ಲೆಲ್ಲ, ‘ನಮ್ಮಲ್ಲಿ ಅಂಥವರು ಯಾರೂ ಇಲ್ಲ’ ಎಂದು ಹೇಳಿ ಕಳಿಸಿದವರೇ ಹೆಚ್ಚು ಎಂದೂ, ತಾನಾಗಿ ಕರೆದವನು ಇವನೊಬ್ಬನೇ ಎಂದೂ ಹೇಳಿದರು. ಖಾಲಿ ಕ್ಯಾನೊಂದನ್ನು ಮಗುಚಿ ಅದರ ಮೇಲೆ ಕೂತು, ಅವನ ಕೈಗೆ ಒಂದು ಹಾಳೆ ಕೊಟ್ಟರು. ಮೇಲೆ ಒಂದು ಚಿಕ್ಕ ಕಥೆ, ಕೆಳಗೆ ಪ್ರಶ್ನೆಗಳು.

“ಜೋರಾಗಿ ಓದಿ ಸಾರ್. ಎಷ್ಟು ಬರುತ್ತೋ ಅಷ್ಟು. ಅವಸರ ಇಲ್ಲ.”

ಕಿಟಕಿಯ ಸರಳುಗಳ ಆಚೆ ಊರು ನಿಂತಿತ್ತು. ಒಳಗೆ ಕಾರ್ಯದರ್ಶಿ, ಮೇಷ್ಟ್ರು ಇದ್ದರು. ಕೂಲಂಕಷ ಹಾಳೆ ಹಿಡಿದ. ಅಕ್ಷರಗಳು ನುಗ್ಗಿ ಬಂದವು. ಅವನ ತುಟಿ ಅಲುಗಿತು, ದನಿ ಹೊರಡಲಿಲ್ಲ. ಹಣೆ ಗಂಟಿಕ್ಕಿತು. ಹೊರಗೆ ಯಾರೋ ಕೆಮ್ಮಿದರೆ ನಾಲ್ಕಾರು ಜನ ಶ್ ಎಂದರು.

“ಮೊದ್ಲು ಒಳಗೇ ಓದ್ಕೋತಾನೆ” ಎಂದ ಕಾರ್ಯದರ್ಶಿ, ಅಧಿಕಾರಿಯ ಕಿವಿಯ ಬಳಿ. “ಆಮೇಲೆ ಹೇಳ್ತಾನೆ. ನೀವು ಗಟ್ಟಿಯಾಗಿ ಕೂತ್ಕೊಳ್ಳಿ.”

“ಏನು ಹೇಳ್ತಾರೆ?”

“ಅದು ನಿಮ್ಮ ಕಾಗದದ ಮೇಲೆ ಹೋಗುತ್ತೆ ಮೇಡಂ.”

ಕೂಲಂಕಷ ಹಾಳೆಯನ್ನು ಕೆಳಗಿಳಿಸಿ, “ಇಲ್ಲ ಮೇಡಂ. ಇದು ನನ್ನ ಕೈಲಿ ಆಗಲ್ಲ” ಎಂದ.

“ಕೇಳಿದ್ರಾ?” ಎಂದ ಕಾರ್ಯದರ್ಶಿ.

“ಇಂಥದನ್ನ ಒಪ್ಪೋಕಾಗಲ್ಲ ಅಂತ” ಎಂದು ಮೇಷ್ಟ್ರು ಬಿಡಿಸಿ ಹೇಳಿದರು. “ನನ್ನ ಶಿಷ್ಯ.”

ಅಧಿಕಾರಿ ಹಾಳೆ ತೆಗೆದುಕೊಂಡು ನೋಡಿದರು. ಎರಡನೆಯ ಸಲ ನೋಡಿದರು. ಮೇಲಿನ ಕಥೆಯಲ್ಲಿ ಒಬ್ಬ ಮುದುಕ ಬಂಡಿಯಲ್ಲಿ ಕೂತು ಸೇತುವೆ ದಾಟಿದ್ದ. ಕೆಳಗಿನ ಪ್ರಶ್ನೆಗಳು, ಮುದುಕಿ ದೋಣಿಯಲ್ಲಿ ಏನು ತಂದಳು ಎಂದು ಕೇಳುತ್ತಿದ್ದವು. ಯೋಜನೆ ಆರಂಭವಾದ ದಿನದಿಂದ ಎಲ್ಲ ಊರಿನಲ್ಲೂ ಇದೇ ಹಾಳೆ. ಉತ್ತರ ಹೇಳದವರೆಲ್ಲ ಓದು ಬಾರದವರೆಂದು ದಾಖಲಾಗಿದ್ದರು. ಉತ್ತರ ಹೇಳಿದವರೂ ಕೆಲವರು ಇದ್ದರು.

ಅಧಿಕಾರಿಯ ಮುಖ ಹಾಲಿನ ಬಣ್ಣಕ್ಕೆ ಬಂತು. “ಯಾರೂ ನೋಡೇ ಇರಲಿಲ್ಲ...” ಎಂದರು.

ಕಿಟಕಿಯಾಚೆ ಜಯಘೋಷವಾಯಿತು. “ಮೇಡಂ, ನಾನು ಅದನ್ನ ನೋಡ್ಲಿಲ್ಲ, ನನಗೆ ಕಾಣ್ಸಲೇ ಇಲ್ಲ” ಎಂದು ಕೂಲಂಕಷ ಕೂಗುತ್ತಿದ್ದದ್ದು ಆ ಗದ್ದಲದಲ್ಲಿ ಯಾರಿಗೂ ಕೇಳಲಿಲ್ಲ. ಅರ್ಧಂಬರ್ಧ ಕೇಳಿಸಿಕೊಂಡ ಗಿರಣಿಯವನು ಮಾತ್ರ, “ನೋಡ್ದೇನೇ ಹಿಡಿದ್ಬಿಟ್ನಂತೆ!” ಎಂದು ಪಕ್ಕದವನಿಗೆ ಹೇಳಿದ.

ಸರ್ಕಾರ ಸಾಮಾನ್ಯವಾಗಿ ನಿಧಾನ ಎನ್ನುತ್ತಾರೆ. ಈ ವಿಷಯದಲ್ಲಿ ಅದು ಬಹಳ ಚುರುಕಾಗಿತ್ತು. ನೆರವು ಕೊಡಲಾಗುವುದಿಲ್ಲವೆಂದೂ, ಬದಲಿಗೆ ಕೂಲಂಕಷನಿಗೆ ‘ಜಾಗೃತ ಓದುಗ’ ಎಂಬ ಬಿರುದು ಕೊಟ್ಟು ಸಂಘದ ಅಂಗಳದಲ್ಲೇ ಸನ್ಮಾನ ಮಾಡಲಾಗುವುದೆಂದೂ ತಿಳಿಸಿತು. ಸನ್ಮಾನದ ಮರುವಾರವೇ ಲೈಸೆನ್ಸು ಪರೀಕ್ಷೆ ಇತ್ತು.

ಹೆಂಡತಿ ಹೊಸ ಸೀರೆ ತೆಗೆದಳು. ಬಾಮೈದ ಸೀಟಿನ ಹೊದಿಕೆ ಹೊಲಿಸಿಕೊಂಡು ಬಂದ, ಹೂವಿನ ಚಿತ್ರದ್ದು. “ಭಾವ, ನೀವು ಇನ್ಮೇಲೆ ಇಲಾಖೆ ಕೆಲಸಕ್ಕೆ ಓಡಾಡ್ತೀರ. ವ್ಯಾನು ನಾನು ನೋಡ್ಕೋತೀನಿ ಬಿಡಿ. ನಿಮ್ಮಂಥೋರು ಹಾಲು ಹೊರೋದು ಅಂದ್ರೆ ಊರಿಗೇ ಅವಮಾನ” ಎಂದ. ಊರಿನ ಹಿರಿಯರು ಈ ಮಾತಿನಲ್ಲಿ ನ್ಯಾಯವಿದೆ ಎಂದು ತಲೆಯಾಡಿಸಿದರು. ಹೀಗೆ, ಪರೀಕ್ಷೆಯಲ್ಲಿ ಫೇಲಾಗುವ ಮೊದಲೇ ಗೌರವದ ಕಾರಣದಿಂದ ಅವನ ಕೆಲಸ ಹೋಗುವ ಹಂತಕ್ಕೆ ಬಂತು.

ಸನ್ಮಾನದ ದಿನ ಅಂಗಳದ ತುಂಬ ಕುರ್ಚಿ. ಮುಂದಿನ ಸಾಲಿನಲ್ಲಿ, ಮಧ್ಯದಲ್ಲಿ, ಅವನ ಹೆಂಡತಿ. ವೇದಿಕೆಯ ಮೇಲೆ ಅಧಿಕಾರಿ, ಕಾರ್ಯದರ್ಶಿ, ಮೇಷ್ಟ್ರು. ಮೇಷ್ಟ್ರು ‘ಶಿಷ್ಯನ ಬಾಲ್ಯ’ ಎಂಬ ವಿಷಯವಾಗಿ ದೀರ್ಘವಾಗಿ ಮಾತಾಡಿದರು. ಅದನ್ನು ಕೇಳಿ ಅತ್ಯಂತ ಆಶ್ಚರ್ಯಪಟ್ಟವನು ಶಿಷ್ಯನೇ. ಆಮೇಲೆ ಕನ್ನಡಿ ಹಾಕಿಸಿದ ಸನ್ಮಾನ ಪತ್ರವನ್ನು ಅವನ ಕೈಗಿಟ್ಟು, ಎರಡು ಮಾತಾಡು ಎಂದರು.

ಕೂಲಂಕಷ ಮೈಕಿನ ಮುಂದೆ ನಿಂತ. ಎದುರಿಗೆ, ಅಂಗಳದ ಮೂಲೆಯಲ್ಲಿ, ಅವನ ವ್ಯಾನು ಹೂವಿನ ಹೊದಿಕೆ ಹಾಕಿಕೊಂಡು ನಿಂತಿತ್ತು.

“ನನಗೆ ಓದೋಕೆ ಬರಲ್ಲ” ಎಂದ.

ಅಂಗಳ ಬಿದ್ದು ಬಿದ್ದು ನಕ್ಕಿತು. ಚಪ್ಪಾಳೆಯೂ ಬಂತು.

“ಸುಮ್ನಿರಿ! ಹೇಳಿದ್ರೆ ನೀವು ನಂಬಲ್ಲ. ಓದಿ ತೋರಿಸ್ತೀನಿ” ಎಂದವನೇ ಸನ್ಮಾನ ಪತ್ರವನ್ನು ಎತ್ತಿ ಹಿಡಿದ. ಇಲಾಖೆ ಅದನ್ನು ತನ್ನ ಅತ್ಯುತ್ತಮ ಭಾಷೆಯಲ್ಲಿ ಬರೆಸಿತ್ತು. ಮೊದಲ ಪದವೇ ‘ಸೂಕ್ಷ್ಮದೃಷ್ಟಿಯುಳ್ಳ’.

“ಸೂ...” ಎಂದ. “ಸೂ... ಸೂಕ... ಸೂಮ...”

ನಗೆ ಮತ್ತೆ ಎದ್ದಿತು. ಅವನು ನಿಲ್ಲಿಸಲಿಲ್ಲ. “ಸೂ... ಕ... ಷ... ಸೂಕಷಮ... ಅಲ್ಲ... ಸೂ...” ನಗೆ ಹಿಂದಿನ ಸಾಲುಗಳಿಂದ ಒಂದೊಂದಾಗಿ ಆರುತ್ತಾ ಬಂತು. ಅವನ ಕುತ್ತಿಗೆಯ ನರ ಉಬ್ಬಿತ್ತು. ಇದು ನಾಟಕವಾಗಿದ್ದರೆ ಇಷ್ಟು ಹೊತ್ತಿಗೆ ನಿಂತಿರಬೇಕಿತ್ತು. ಯಾರಿಗೂ ಏನು ಮಾಡಬೇಕೋ ತಿಳಿಯಲಿಲ್ಲ.

ಆಗ ವೇದಿಕೆಯ ಮೇಲಿನ ಕುರ್ಚಿಯಿಂದ ಮೇಷ್ಟ್ರು, ತಮಗೇ ತಿಳಿಯದೆ, ತೊಡೆಗೆ ಬಡಿದುಕೊಂಡು ಕೂಗಿದರು: “ಕ್ಷ್ಮ! ಕ್ಷ್ಮ ಕಣೋ! ಕತ್ತೆ, ಆವತ್ತೂ ಇದೇ ಅಕ್ಷರದ ಮುಂದೆ ಒದ್ದಾಡ್ತಿದ್ದೆ, ಈವತ್ತೂ ಅಲ್ಲೇ ನಿಂತಿದ್ದೀಯಲ್ಲೋ! ನಡಿ ಹೊರಗೆ, ನಿಂತ್ಕೋ ಹೋಗು!”

ಕೂಲಂಕಷ ಅಭ್ಯಾಸಬಲದಿಂದ ವೇದಿಕೆಯಿಂದ ಇಳಿದು ಗೇಟಿನ ಹೊರಗೆ ಹೋಗಿ ನಿಂತ.

ಮೇಷ್ಟ್ರು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದರು. ಅಧಿಕಾರಿ ಚೀಲದಿಂದ ಪೆನ್ನು ತೆಗೆದು, “ಒಬ್ಬ ಗಣ್ಯರ ಹೇಳಿಕೆ ಆಯ್ತು” ಎಂದು ಬರೆದುಕೊಂಡರು.

ಮೊದಲು ಎದ್ದವನು ಗಿರಣಿಯವನು. “ಒಂದ್ನಿಮಿಷ” ಎಂದ. “ಇವನಿಗೆ ಓದೋಕೆ ಬರಲ್ಲ ಅಂದ್ರೆ, ನನ್ನ ಗಿರಣಿ ಕರಾರಿಗೆ ಕೂಲಂಕಷ ಹಾಕ್ದೋರು ಯಾರು?”

ಆ ಪ್ರಶ್ನೆ ಒಣಹುಲ್ಲಿಗೆ ಬಿದ್ದ ಕಿಡಿಯಂತೆ ಸಾಲಿನಿಂದ ಸಾಲಿಗೆ ಹೋಯಿತು. ಭಾಗದ ಪತ್ರ, ಬಾಡಿಗೆ ಪತ್ರ, ವಿಮೆ, ಪಂಪ್‌ಸೆಟ್ಟಿನ ಖಾತರಿ, ಎಲ್ಲವೂ ಇವನ ಕೈ ದಾಟಿ ಹೋದವೇ. ಕುರ್ಚಿಗಳು ಬಿದ್ದವು. ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಅಂಗಳ ಖಾಲಿ. ಎಲ್ಲರೂ ತಂತಮ್ಮ ಮನೆಯ ಪೆಟ್ಟಿಗೆ ತೆರೆದು, ತಂತಮ್ಮ ಕಾಗದಗಳನ್ನು ಮೊದಲ ಬಾರಿಗೆ ಸ್ವತಃ ಓದಲು ಕೂತರು.

ಕಾರ್ಯದರ್ಶಿ ಗೇಟಿಗೆ ಬಂದು ಕೂಲಂಕಷನ ಮುಂದೆ ನಿಂತ. “ಇಷ್ಟು ವರ್ಷ ಮೋಸ ಮಾಡಿದೆಯಲ್ಲೋ!”

“ನಾನು ಒಂದು ದಿನವಾದ್ರೂ ಓದಿದೆ ಅಂತ ಹೇಳಿದ್ದೀನಾ?”

ಕಾರ್ಯದರ್ಶಿ ನೆನಪು ಮಾಡಿಕೊಂಡ. ಹೇಳಿರಲಿಲ್ಲ. ಇದರಿಂದ ಅವನ ಸಿಟ್ಟು ಇನ್ನೂ ಹೆಚ್ಚಾಯಿತು. “ಹೇಳದೇನೇ ನಂಬಿಸೋದು ಅದಕ್ಕಿಂತ ದೊಡ್ಡ ಮೋಸ” ಎಂದು ಹೇಳಿ ಅವನೂ ಕಾಗದ ನೋಡಲು ಓಡಿದ.

ಅಧಿಕಾರಿ ಬಿದ್ದ ಕುರ್ಚಿಗಳ ನಡುವೆ ಒಂದು ಮೇಜು ಹಾಕಿಕೊಂಡು ಕೂಲಂಕಷನ ಹೆಸರು ಬರೆದುಕೊಳ್ಳತೊಡಗಿದರು. ಅಪ್ಪ ಅಮ್ಮ ಇಟ್ಟ ಹೆಸರು ಕೇಳಿದಾಗ ಅವನು ಕೊಂಚ ಯೋಚಿಸಬೇಕಾಯಿತು. ಇಬ್ಬರು ಗಣ್ಯರಲ್ಲಿ ಇನ್ನೊಬ್ಬರು ಬೇಕಲ್ಲ ಎಂದು ಅವರು ತಲೆ ಕೆರೆದುಕೊಳ್ಳುತ್ತಿರುವಾಗ ಗಿರಣಿಯವನು ವಾಪಸು ಬಂದ. ಕೈಯಲ್ಲಿ ಕರಾರು ಪತ್ರ. ಅವನು ಮೇಜಿನ ಸುತ್ತ ಒಂದು ಸುತ್ತು ಹಾಕಿದ. ಆಕಾಶ ನೋಡಿದ.

“ಮೇಡಂ, ಇಂಥ ಕಾಗದ ಓದೋಕೆ... ಸ್ವಲ್ಪ ಪುರುಸೊತ್ತು ಬೇಕಾಗುತ್ತೆ ಅಲ್ವಾ?”

“ಓದೋಕೆ ಕಷ್ಟ ಆಗುತ್ತಾ ಸಾರ್?”

“ಕಷ್ಟ ಅಂತಲ್ಲ. ಈ ಅಕ್ಷರ ಈಗೀಗ ಚಿಕ್ಕದಾಗಿ ಹಾಕ್ತಾರೆ.”

ಪತ್ರದ ಅಕ್ಷರ ಸುಮಾರು ಹುಣಸೆ ಬೀಜದಷ್ಟಿತ್ತು. ಅಧಿಕಾರಿ ಅವನ ಹೆಸರು ಬರೆದುಕೊಂಡರು. ಅವನ ಹಿಂದೆ ಟ್ರ್ಯಾಕ್ಟರಿನವನು ಬಂದ. ತನಗಲ್ಲ, ತನ್ನ ಅಣ್ಣನಿಗೆ ಎಂದ. ಅಣ್ಣ ಅವನ ಹಿಂದೆಯೇ ನಿಂತಿದ್ದ. ತನಗಲ್ಲ, ತಮ್ಮನಿಗೆ ಎಂದ. ಆಮೇಲೆ ಕಾರ್ಯದರ್ಶಿ ಬಂದ. ಲೆಕ್ಕ ಚೆನ್ನಾಗಿ ಬರುತ್ತದೆಂದೂ, ಆದೇಶ, ಸುತ್ತೋಲೆ ಇತ್ಯಾದಿ ಉದ್ದನೆಯ ವಾಕ್ಯಗಳಲ್ಲಿ ಮಾತ್ರ ಆರಂಭ ಯಾವುದು ಕೊನೆ ಯಾವುದು ತಿಳಿಯುವುದಿಲ್ಲವೆಂದೂ, ಅದು ಸರ್ಕಾರದ ತಪ್ಪೇ ಇರಬಹುದೆಂದೂ ಹೇಳಿದ. ಹೊತ್ತು ಇಳಿಯುವ ವೇಳೆಗೆ ಸಾಲು ಗೇಟು ದಾಟಿತ್ತು.

ಸಾಲಿನ ಮಧ್ಯದಲ್ಲಿ ಹೊಸ ಸೀರೆ ಕಂಡು ಕೂಲಂಕಷ ಹತ್ತಿರ ಹೋದ.

“ನೀನ್ಯಾಕೆ ಇಲ್ಲಿ ನಿಂತಿದ್ದೀಯ?”

“ಸುಮ್ನಿರ್ರೀ” ಎಂದಳು ಹೆಂಡತಿ, ಸೆರಗು ಎಳೆದುಕೊಂಡು.

“ಮತ್ತೆ ಅಷ್ಟು ವರ್ಷ ಕಾಗದ ನೋಡಿ ಸಾರಾಂಶ ಹೇಳ್ತಿದ್ದೆಯಲ್ಲ?”

“ದುಂಡಗೆ ಸೀಲು ಇದ್ರೆ ಕರೆಂಟಿಂದು. ಬಣ್ಣ ಇದ್ರೆ ಪ್ರಚಾರ. ಮದುವೆ ಮಾಡ್ಕೊಂಡು ಬಂದಾಗ ನೀವು ಓದಿರೋರು ಅಂದಿದ್ರು. ನೋಡಿದ್ರೆ ನಿಮಗೆ ಬರಲ್ಲ. ಇಬ್ಬರಿಗೂ ಬರಲ್ಲ ಅಂದ್ರೆ ಸಂಸಾರ ನಡೆಯುತ್ತಾ? ಒಬ್ಬರಿಗಾದ್ರೂ ಬರುತ್ತೆ ಅಂತ ಇರ್ಬೇಕಲ್ಲ.” ಆಮೇಲೆ ದನಿ ತಗ್ಗಿಸಿ, “ಮುಂದೆ ಜಾಗ ಕೊಡೋಕೆ ಹೇಳ್ರೀ, ನಿಂತು ಕಾಲು ನೋಯ್ತಿದೆ” ಎಂದಳು.

ಕೂಲಂಕಷನಿಗೆ ಎರಡನೆಯ ಗಣ್ಯರಾಗಿ ಸಾಕ್ಷಿ ಹೇಳಿದವಳು ಅವಳೇ. ಹೆಂಡತಿಯನ್ನು ಗಣ್ಯರೆಂದು ಪರಿಗಣಿಸಬಹುದೇ ಎಂದು ಅಧಿಕಾರಿ ನಿಯಮ ನೋಡಿದರು. ಪರಿಗಣಿಸಬಾರದೆಂದು ಎಲ್ಲೂ ಬರೆದಿರಲಿಲ್ಲ.

ಪರೀಕ್ಷೆಯ ದಿನ ಲೈಸೆನ್ಸು ಕಚೇರಿಯವರು ಅವನ ತಲೆಗೆ ಹೆಡ್‌ಫೋನು ಹಾಕಿ ಕೂರಿಸಿದರು. ಒಳಗಿನಿಂದ ಹೆಂಗಸಿನ ದನಿ, ‘ಎದುರಿನಿಂದ ದನಗಳ ಹಿಂಡು ಬಂದರೆ ನೀವು ಏನು ಮಾಡುವಿರಿ?’ ಎಂದು ಕೇಳಿ, ಉತ್ತರಗಳನ್ನೂ ಒಂದು, ಎರಡು ಎಂದು ಅಂಕಿ ಹೇಳಿ ಓದಿತು.

“ಯಾರ ದನ ಅಂತ ನೋಡ್ತೀನಮ್ಮ” ಎಂದ ಅವನು, ಕೋಣೆಯೆಲ್ಲ ಕೇಳುವಂತೆ.

ಮೇಲ್ವಿಚಾರಕ ಓಡಿಬಂದ. “ರೀ, ಅವರ ಜೊತೆ ಮಾತಾಡೋ ಹಂಗಿಲ್ಲ. ಬೆರಳಿಡಿ. ನೀವು ಹೇಳಿದ ಉತ್ತರ ಅದರಲ್ಲಿಲ್ಲ.”

“ಗಿರಣಿಯವನ ಎಮ್ಮೆಗೆ ಹಾರ್ನ್ ಹೊಡೆದ್ರೆ ಅಡ್ಡ ಮಲಗುತ್ತೆ ಸಾರ್. ಅದನ್ನ ಬರೀದೆ ಏನು ಪರೀಕ್ಷೆ ಮಾಡ್ತೀರಿ?”

“ನಿಲ್ಲಿಸಿ ಕಾಯುವೆನು, ಅದರ ಮೇಲೆ ಇಡ್ರೀ ಬೆರಳು!” ಎಂದುಬಿಟ್ಟ ಮೇಲ್ವಿಚಾರಕ, ಸಿಟ್ಟಿನಲ್ಲಿ. ಕೂಲಂಕಷ ಆಗಲೇ ಅಲ್ಲಿ ಬೆರಳಿಟ್ಟಿದ್ದ. ಉಳಿದವುಗಳಿಗೆಲ್ಲ ಅವನು ದನಿ ಸರಿಯುತ್ತರ ಓದಿ ಮುಗಿಸುವ ಮೊದಲೇ ಅದರ ಮೇಲೆ ಬೆರಳಿಟ್ಟು, ಅದು ಮಾತು ಮುಗಿಸಲೆಂದು ಮರ್ಯಾದೆಯಿಂದ ಕಾಯುತ್ತಿದ್ದ.

ಹೊರಗೆ ಬರುವ ಬಾಗಿಲಲ್ಲಿ ಗುಮಾಸ್ತೆ ಫಲಿತಾಂಶದ ಚೀಟಿ ಹರಿದು ಕೊಟ್ಟ. ಅದರಲ್ಲಿದ್ದದ್ದು ಒಂದೇ ಪದ. ಕೂಲಂಕಷ ಬಾಗಿಲ ನಡುವೆಯೇ ನಿಂತು ಅದನ್ನು ಕಣ್ಣಿನ ಹತ್ತಿರ ಹಿಡಿದ. ಸಂಜೆ ತರಗತಿಗೆ ಅವನು ಹೋಗತೊಡಗಿ ಒಂದು ವಾರವೂ ಆಗಿರಲಿಲ್ಲ. ಅಕ್ಷರದ ಕೆಳಗೆ ಬೆರಳಿಟ್ಟು, ಉಳಿದದ್ದನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡು, ಒಂದೊಂದನ್ನೇ ಬಿಡಬೇಕೆಂದು ಅಲ್ಲಿ ಹೇಳಿಕೊಟ್ಟಿದ್ದರು.

“ಉ” ಎಂದ.

ಹಿಂದೆ ಲಾರಿ ಡ್ರೈವರುಗಳು ಸಾಲಾಗಿ ನಿಂತರು. “ಏನ್ರೀ, ಜರುಗ್ರೀ” ಎಂದ ಒಬ್ಬ. ಹೊರಗೆ ಕಾಯುತ್ತಿದ್ದ ಹೆಂಡತಿ, ಕಾರ್ಯದರ್ಶಿ, ಹೊದಿಕೆ ಬಿಚ್ಚಬೇಕೋ ಬೇಡವೋ ತಿಳಿಯದೆ ನಿಂತಿದ್ದ ಬಾಮೈದ, ಮೂವರೂ ಮೆಟ್ಟಿಲ ಬಳಿ ಬಂದರು.

“ಏನಾಯ್ತ್ರೀ?”

“ಇರು. ಉ... ತ್... ತೀ...”

ಗುಮಾಸ್ತೆಗೆ ಮರುಕವೆನಿಸಿತು. ಅವನು ಮೇಜಿನಿಂದ ಮುಂದಕ್ಕೆ ಬಾಗಿ, “ಕೊಡಿ ಇಲ್ಲಿ, ನಾನು ಹೇಳ್ತೀನಿ. ನೀವು...”

“ಹೇಳ್ಬೇಡಿ!” ಎಂದು ಕೂಲಂಕಷ ಕಚೇರಿ ನಡುಗುವಂತೆ ಕೂಗಿದ. “ಮುಕ್ಕಾಲು ದಾರಿ ಬಂದಿದ್ದೀನಿ.”

ಲಾರಿಯವರು ಕೈಕಟ್ಟಿ ನಿಂತರು. ಅವನು ಬೆರಳನ್ನು ಮುಂದಿನ ಅಕ್ಷರದ ಕೆಳಗೆ ಸರಿಸಿದ.